ಹೊಲ ನೋಡುವ ಕಣ್ಣಿನಿಂದಲೇ ಮನೆ ನೋಡಿ

ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಬೆಂಗಳೂರಿಗೆ ಹೊರಟವರು ಯಾದಗಿರಿ ಸ್ಟೇಷನ್ನಿಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ಸನ್ನೋ ಬಸವ ಎಕ್ಸ್‌ಪ್ರೆಸ್ಸನ್ನೋ ಹತ್ತಬೇಕು. ಇಲ್ಲವೇ ಸಂಜೆಯ ಬಸ್ಸಿಗೆ ಕೂತು ಬೆಳಕು ಹರಿಯುವ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕು. ಕೈಯಲ್ಲಿ ಒಂದು ಬ್ಯಾಗು, ಒಂದು ರೊಟ್ಟಿ ಗಂಟು, ಯಾರದೋ ಫೋನ್ ನಂಬರು. ಇಪ್ಪತ್ತು ವರ್ಷದ ಹಿಂದೆ ನಾನೂ ಹಾಗೇ ಇಳಿದವನು. ಈಗ ಊರ ಕಡೆಯ ಹುಡುಗರು ನನಗೆ ಫೋನ್ ಮಾಡುತ್ತಾರೆ: “ಕಾಕಾ, ಕೆಲಸ ಸಿಕ್ಕದ. ಒಂದ್ ಖೋಲಿ ನೋಡ್ರಿ.”

ಅವರಿಗೆ ನಾನು ಮೊದಲು ಹೇಳುವುದು ಇಷ್ಟು. ಲೀಜಿಗೆ ಹೊಲ ಹಿಡಿಯುವಾಗ ನಿಮ್ಮಪ್ಪ ಏನೇನು ನೋಡುತ್ತಾರೆ, ನೆನಪು ಮಾಡಿಕೋ. ಕಾಲುವೆ ಎಷ್ಟು ದೂರ, ನೀರು ಕೊನೆಯ ಮಡಿಗೆ ಮುಟ್ಟುತ್ತದೋ ಇಲ್ಲವೋ, ಹೋದ ವರ್ಷ ಹಿಡಿದವನು ಯಾಕೆ ಬಿಟ್ಟ, ದಾರಿ ಯಾರ ಹೊಲದಲ್ಲಿ ಹಾಯುತ್ತದೆ. ಇಷ್ಟನ್ನೂ ವಿಚಾರಿಸದೆ ಅವರು ಮಾತು ಕೊಡುವುದಿಲ್ಲ. ಅಂಥವರ ಮಗ ನಗರದಲ್ಲಿ ಓನರ್ ಎದುರು ಕೈಕಟ್ಟಿ ನಿಂತು, ಹೇಳಿದ್ದಕ್ಕೆಲ್ಲ ಹೂಂ ಅಂದು ಬರುತ್ತಾನೆ. ನಮ್ಮವರ ದುಡ್ಡು ಕಳೆಯುವುದು ಅವಸರದಿಂದ, ಸಂಕೋಚದಿಂದ. ಈ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಕಲಿಯಬಹುದಾದ ಸಂಗತಿ.

1. ಬಂದ ವಾರವೇ ಮನೆ ಹಿಡಿಯಬೇಡಿ

ಹತ್ತು ದಿನ ಸಂಬಂಧಿಕರ ಮನೆ, ಗೆಳೆಯನ ರೂಮು, ಅದೂ ಇಲ್ಲವಾದರೆ ಪಿಜಿ. ಆ ಹತ್ತು ದಿನ ಕೆಲಸಕ್ಕೆ ಹೋಗಿಬನ್ನಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಮಳೆ ಬಂದರೆ ಯಾವ ಅಂಡರ್‌ಪಾಸ್ ತುಂಬುತ್ತದೆ ಎಂಬುದೆಲ್ಲ ಮೈಗೆ ಗೊತ್ತಾಗಬೇಕು. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದಲು ಬರುವವರು ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ರೂಮು ಹುಡುಕುತ್ತಾರೆ. ಅವರಿಗೂ ಇದೇ ಮಾತು: ಕೋಚಿಂಗ್ ಒಂದು ವಾರ ಕೇಳಿ, ಮೆಸ್‌ನ ಊಟ ಒಂದು ವಾರ ಉಣ್ಣಿ, ಆಮೇಲೆ ರೂಮು. ವರ್ಷದ ದುಡ್ಡನ್ನು ಒಂದೇ ಕಂತಿನಲ್ಲಿ ಯಾರ ಕೈಗೂ ಕೊಡಬೇಡಿ.

2. ಅಡ್ವಾನ್ಸಿನ ಬಡ್ಡಿಯೂ ಬಾಡಿಗೆಯೇ

ಬೆಂಗಳೂರಿನಲ್ಲಿ ಹಿಂದಿನಿಂದ ಬಂದ ರೂಢಿ ಹತ್ತು ತಿಂಗಳ ಅಡ್ವಾನ್ಸ್. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 9,000 ರೂಪಾಯಿ ಬಾಡಿಗೆಯ ಮನೆ ಅಂದುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ 54,000, ಮೊದಲ ತಿಂಗಳ ಬಾಡಿಗೆ 9,000, ಬ್ರೋಕರ್‌ಗೆ ಒಂದು ತಿಂಗಳದ್ದು 9,000. ಬಾಗಿಲು ತೆಗೆಯುವ ಮುಂಚೆಯೇ 72,000 ಆಯಿತು.

ಈ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಊರಲ್ಲಿ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ತಂದರೆ 54,000ಕ್ಕೆ ತಿಂಗಳಿಗೆ 1,620 ರೂಪಾಯಿ ಬಡ್ಡಿ. ಅಲ್ಲಿಗೆ ನಿಮ್ಮ ಬಾಡಿಗೆ 9,000 ಅಲ್ಲ, 10,620. ಆದ್ದರಿಂದ ಬಾಡಿಗೆಯ ಚೌಕಾಸಿಗಿಂತ ಮೊದಲು ಅಡ್ವಾನ್ಸಿನ ಚೌಕಾಸಿ ಮಾಡಿ. ಹತ್ತು ತಿಂಗಳು ಕೇಳಿದವರು ಐದಕ್ಕೆ ಇಳಿದರೆ ಬಾಡಿಗೆ 500 ಹೆಚ್ಚಾದರೂ ಸಾಲ ಮಾಡಿದವರಿಗೆ ಲಾಭವೇ. ಲೆಕ್ಕ ಹಾಕಿ ನೋಡಿ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡರಷ್ಟೇ ಜಾರಿ. ಓನರ್ ಮುಂದೆ ಅದನ್ನು ಹಕ್ಕು ಎಂದು ವಾದಿಸಿದರೆ ಮನೆ ಸಿಗುವುದಿಲ್ಲ.

3. ‘ಲೀಸ್’ ಎಂಬ ಮಾತು ನಮ್ಮ ಕಡೆಯದಲ್ಲ

ಇದರಲ್ಲಿ ಮೋಸ ಹೋದವರನ್ನು ಕಂಡಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಲೀಜ್ ಅಂದರೆ ವರ್ಷಕ್ಕೆ, ಎಕರೆಗೆ ಇಷ್ಟು ಎಂದು ಕೊಡುವ ದುಡ್ಡು. ಕೊಟ್ಟದ್ದು ಕೊಟ್ಟ ಹಾಗೆ, ಬೆಳೆ ನಮ್ಮದು. ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಎಂಬ ಬೋರ್ಡ್ ಕಂಡರೆ ಅದರ ಅರ್ಥ ಭೋಗ್ಯ. ಹಲವು ಲಕ್ಷ ರೂಪಾಯಿಯನ್ನು ಒಂದೇ ಸಲ ಕೊಡಬೇಕು, ತಿಂಗಳ ಬಾಡಿಗೆ ಇರುವುದಿಲ್ಲ, ಎರಡು ಮೂರು ವರ್ಷಕ್ಕೆ ಮನೆ ಬಿಡುವಾಗ ಅಷ್ಟೂ ದುಡ್ಡು ವಾಪಸು.

ಕೇಳಲು ಚೆನ್ನ. ಹೊಲ ಮಾರಿದ ದುಡ್ಡು, ಹತ್ತಿ ದುಡ್ಡು ಕೈಯಲ್ಲಿದ್ದವರಿಗೆ ಬಾಡಿಗೆ ಉಳಿಯುತ್ತದಲ್ಲ ಅನ್ನಿಸುತ್ತದೆ. ಅಪಾಯ ಎಲ್ಲಿದೆ ಅಂದರೆ, ನಿಮ್ಮಿಂದ ದುಡ್ಡು ತಗೊಂಡವನು ಓನರೇ ಆಗಿರಬೇಕೆಂದಿಲ್ಲ. ಮನೆಯನ್ನು ತಾನು ತಿಂಗಳ ಬಾಡಿಗೆಗೆ ಪಡೆದು, ಅದನ್ನೇ ನಿಮಗೆ ಲೀಸ್‌ಗೆ ಕೊಟ್ಟು, ನಾಲ್ಕು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಐದನೇ ತಿಂಗಳು ಫೋನ್ ಆಫ್ ಮಾಡುವ ಮಧ್ಯವರ್ತಿಗಳಿದ್ದಾರೆ. ಓನರ್ ಬಂದು ಬಾಗಿಲು ಬಡಿದಾಗಲೇ ಗೊತ್ತಾಗುವುದು. ಇನ್ನೊಂದು ಬಗೆ: ಓನರ್ ನಿಜದವನೇ, ಆದರೆ ಮನೆ ಬ್ಯಾಂಕಿನಲ್ಲಿ ಅಡ ಇದೆ; ಕಂತು ತಪ್ಪಿದರೆ ಬ್ಯಾಂಕಿನ ನೋಟಿಸು ನೀವಿರುವ ಬಾಗಿಲಿಗೆ ಅಂಟುತ್ತದೆ.

ಊರಲ್ಲಿ ಪಹಣಿ ನೋಡದೆ ಹೊಲಕ್ಕೆ ದುಡ್ಡು ಕೊಡುತ್ತೀರಾ? ಇಲ್ಲೂ ಹಾಗೇ. ಖಾತಾ, ತೆರಿಗೆ ಕಟ್ಟಿದ ರಸೀದಿ, ಋಣಭಾರ ಪತ್ರ, ಓನರ್‌ನ ಆಧಾರ್ ಇವಿಷ್ಟನ್ನೂ ನೋಡಿ. ಓನರ್ ಎದುರಿಗೇ ಕೂತು ಸಹಿ ಹಾಕಬೇಕು, ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ದುಡ್ಡು ಓನರ್‌ನ ಬ್ಯಾಂಕ್ ಖಾತೆಗೇ ಹೋಗಬೇಕು. ನನ್ನ ಕೇಳಿದರೆ, ಹೊಸಬರು ಮೊದಲ ಎರಡು ವರ್ಷ ಲೀಸ್ ಕಡೆ ತಲೆ ಹಾಕಲೇಬಾರದು.

4. ಕೊನೆ ಭಾಗದ ರೈತನ ಹಾಗೆ ನೀರು ನೋಡಿ

ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ತಲೆಭಾಗದ ಹೊಲಕ್ಕೆ ಹೇಗೆ ಬರುತ್ತದೆ, ಕೊನೆ ಭಾಗಕ್ಕೆ ಹೇಗೆ ಬರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕು ಮಹಡಿಯ ಕಟ್ಟಡವೂ ಒಂದು ಕಾಲುವೆಯೇ. ನೆಲಮಹಡಿಯಲ್ಲಿ ಓನರ್, ಅವರ ಸಂಪು, ಅವರ ಮೋಟರ್ ಸ್ವಿಚ್ಚು. ಮೇಲಿನ ಮನೆಗೆ ನೀರು ಏರುವುದು ಅವರು ಸ್ವಿಚ್ಚು ಹಾಕಿದಾಗ.

ಮನೆ ನೋಡಲು ಸಂಜೆ ಹೋಗಬೇಡಿ, ಬೆಳಿಗ್ಗೆ 7ಕ್ಕೆ ಹೋಗಿ. ಎಲ್ಲರೂ ನಲ್ಲಿ ತಿರುಗಿಸುವ ಹೊತ್ತು ಅದು. ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿ. ಹಳೆಯ ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದ್ದರೆ ಗಡಸು ಬೋರ್ ನೀರು ಎಂದು ತಿಳಿಯಿರಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್ ಇದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಹೇಗೆ ಹಂಚುತ್ತಾರೆ ಎಂದು ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್ ಹಿಂದೆ ಓಡಿದ್ದನ್ನು ಎಲ್ಲರೂ ನೋಡಿದ್ದಾರೆ. “ಆ ವರ್ಷ ಈ ಕಟ್ಟಡಕ್ಕೆ ಏನಾಯಿತು?” ಇದೊಂದು ಪ್ರಶ್ನೆಯನ್ನು ಓನರ್‌ಗೆ ಕೇಳಿ, ಅದನ್ನೇ ಎದುರುಮನೆಯ ಬಾಡಿಗೆಯವರಿಗೂ ಮೂಲೆಯ ಕಿರಾಣಿ ಅಂಗಡಿಯವರಿಗೂ ಕೇಳಿ. ಮೂವರ ಉತ್ತರ ಒಂದೇ ಆದರೆ ಮುಂದುವರಿಯಿರಿ.

5. ಕೆಲಸದ ಜಾಗ ಗೊತ್ತಾದ ಮೇಲೆ ಬಡಾವಣೆ ಗೊತ್ತು ಮಾಡಿ

ಸಂಬಂಧಿಕರಿದ್ದಾರೆ ಎಂಬ ಕಾರಣಕ್ಕೆ ಊರಿನ ಆ ತುದಿಯಲ್ಲಿ ಮನೆ ಮಾಡಿ, ಈ ತುದಿಗೆ ಕೆಲಸಕ್ಕೆ ಬರುವವರು ಆರು ತಿಂಗಳಿಗೆ ಸುಸ್ತಾಗುತ್ತಾರೆ. ವೈಟ್‌ಫೀಲ್ಡಿನಲ್ಲಿ ಕೆಲಸವಾದರೆ ನೇರಳೆ ಮಾರ್ಗದ ಮೆಟ್ರೋ ಗುಂಟ ಮನೆ ನೋಡಿ. 2023ರ ಅಕ್ಟೋಬರಿನಿಂದ ಅದು ಚಲ್ಲಘಟ್ಟದವರೆಗೆ ಒಂದೇ ರೈಲು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆಯಿತು. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಅವರು ಸ್ವಲ್ಪ ದೂರದ, ಕಡಿಮೆ ಬಾಡಿಗೆಯ ಮನೆಗೆ ಧೈರ್ಯವಾಗಿ ಹೋಗಬಹುದು. ಆದರೆ ಸ್ಟಾಪಿನಿಂದ ಮನೆಯವರೆಗಿನ ದಾರಿಯನ್ನು ರಾತ್ರಿ ಒಂದು ಸಲ ನಡೆದು ನೋಡಿ.

6. ಟು-ಲೆಟ್ ಬೋರ್ಡು ಕಾಲಿಗೆ ಸಿಗುತ್ತದೆ, ಫೋನಿಗೆ ಸಿಗುವುದಿಲ್ಲ

ಬೇಕಾದ ಬಡಾವಣೆಯಲ್ಲಿ ಭಾನುವಾರ ಮೂರು ತಾಸು ನಡೆಯಿರಿ. ಗೇಟಿಗೆ ಕಟ್ಟಿದ ರಟ್ಟಿನ ಬೋರ್ಡಿನ ಮನೆಗಳಿಗೆ ಬ್ರೋಕರ್ ಕಮಿಷನ್ ಇರುವುದಿಲ್ಲ. ಇಸ್ತ್ರಿ ಅಂಗಡಿಯವರನ್ನು, ಹಾಲಿನವರನ್ನು ಕೇಳಿ. ಖಾಲಿಯಾಗುವ ಮನೆಯ ಸುದ್ದಿ ಅವರಿಗೆ ಮೊದಲು ಗೊತ್ತಿರುತ್ತದೆ.

ಆ್ಯಪಿನಲ್ಲಿ ಚಂದದ ಫೋಟೊ, ಕಡಿಮೆ ಬಾಡಿಗೆ, “ನಾನು ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಟೋಕನ್ ಹಾಕಿ, ಕೀಲಿ ಕಳಿಸುತ್ತೇನೆ” ಎಂಬ ದನಿ ಕೇಳಿದರೆ ಫೋನ್ ಇಡಿ. ದುಡ್ಡು ಪಡೆಯಲು ಯಾರೂ ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಒಳಗೆ ಕಾಲಿಡದ ಮನೆಗೆ ಒಂದು ರೂಪಾಯಿಯೂ ಬೇಡ.

7. ಆಷಾಢದಲ್ಲಿ ಹುಡುಕಿ

ಆಷಾಢದಲ್ಲಿ ಹಲವರು ಹೊಸ ಮನೆಗೆ ಹಾಲುಕ್ಕಿಸುವುದಿಲ್ಲ. ಖಾಲಿ ಬಿದ್ದ ಮನೆಯ ಓನರ್ ಆಗ ಮಾತಿಗೆ ಬಗ್ಗುತ್ತಾರೆ. ನಿಮ್ಮ ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣಕ್ಕೆ ಒಳಗೆ ಹೋಗಿ.

8. ಕಾಗದ ಓದಿ, ಓದಿಸಿ, ಒಂದು ಪ್ರತಿ ಇಟ್ಟುಕೊಳ್ಳಿ

ನಮ್ಮ ಕಡೆ ವ್ಯವಹಾರ ಮಾತಿನ ಮೇಲೆ ನಡೆಯುತ್ತದೆ, ಮಾತು ತಪ್ಪಿದರೆ ಊರ ಹಿರಿಯರು ಕೂರಿಸಿ ಕೇಳುತ್ತಾರೆ. ನಗರದಲ್ಲಿ ಆ ಹಿರಿಯರ ಕೆಲಸವನ್ನು ಕರಾರುಪತ್ರ ಮಾಡುತ್ತದೆ. ಬಹುತೇಕ ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಕಡ್ಡಾಯವಾಗಿ ನೋಂದಾಯಿಸಬೇಕು ಎನ್ನುವುದರಿಂದ ಈ 11ರ ರೂಢಿ ಬಂದಿದೆ. ಇ-ಸ್ಟ್ಯಾಂಪ್ ಕಾಗದದ ಮೇಲೆ ಮಾಡುತ್ತಾರೆ.

ಇಂಗ್ಲಿಷಿನಲ್ಲಿದೆ ಎಂದು ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಬೇಡಿ. “ಕನ್ನಡದಲ್ಲಿ ಮಾಡಿಸ್ರಿ, ಇಲ್ಲ ಓದಿ ಹೇಳ್ರಿ” ಎನ್ನುವುದಕ್ಕೆ ನಾಚಿಕೆ ಯಾಕೆ? ಅಡ್ವಾನ್ಸ್ ಮೊತ್ತ ಅಕ್ಷರದಲ್ಲೂ ಇರಬೇಕು. ವರ್ಷಕ್ಕೆ ಬಾಡಿಗೆ ಶೇಕಡ ಎಷ್ಟು ಏರುತ್ತದೆ, ನೀರು, ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೇ, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ನೋಟಿಸ್ ಎಷ್ಟು ತಿಂಗಳು ಎಂಬುದೆಲ್ಲ ಬರೆದಿರಬೇಕು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಹನ್ನೊಂದೇ ತಿಂಗಳಿಗೆ ಬಿಟ್ಟರೂ ಅಷ್ಟೇ ಹಿಡಿಯುತ್ತಾರೆಯೇ ಎಂದು ಈಗಲೇ ಕೇಳಿ. ‘ಹೊಸ ಬಾಡಿಗೆದಾರ ಬಂದ ಮೇಲೆ ಅಡ್ವಾನ್ಸ್ ವಾಪಸು’ ಎಂಬ ಸಾಲು ಕಂಡರೆ ತೆಗೆಸಿ, ‘ಕೀಲಿ ಕೊಟ್ಟ ದಿನವೇ’ ಎಂದು ಬರೆಸಿ. ನನ್ನ ಮೊದಲ ಮನೆಯ ಅಡ್ವಾನ್ಸಿಗಾಗಿ ನಾನು ನಾಲ್ಕು ತಿಂಗಳು ಅಲೆದದ್ದು ಆ ಒಂದು ಸಾಲಿನಿಂದ.

ಬಾಡಿಗೆಯನ್ನು ಖಾತೆಗೆ ಹಾಕಿ. ನಗದೇ ಬೇಕೆಂದರೆ ರಸೀದಿ ಪಡೆಯಿರಿ. ಹಳೆ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರರು ವರ್ಷದ ಬಾಡಿಗೆ 1 ಲಕ್ಷ ಮೀರಿದರೆ ಓನರ್‌ನ ಪ್ಯಾನ್ ಕೊಡಬೇಕಾಗುತ್ತದೆ. ಕೊಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ.

9. ಮೀಟರ್ ಯಾರದು?

ಕರೆಂಟು ಕೊಡುವುದು ಊರಲ್ಲಿ ಜೆಸ್ಕಾಂ, ಇಲ್ಲಿ ಬೆಸ್ಕಾಂ. 2023ರಲ್ಲಿ ಬಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಆ ಮನೆಯ ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ. ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್, ಅದರ ಆರ್‌ಆರ್ ನಂಬರು ಬೇಕು. ಒಂದೇ ಮೀಟರ್ ಇಟ್ಟು ನಾಲ್ಕು ಪೋರ್ಷನ್ನಿಗೆ ಸಬ್ ಮೀಟರ್ ಹಾಕಿ ಯೂನಿಟ್ಟಿಗಿಷ್ಟು ಎಂದು ವಸೂಲಿ ಮಾಡುವ ಕಡೆ ಈ ಸೌಲಭ್ಯ ನಿಮಗೆ ಸಿಗುವುದಿಲ್ಲ. ಅಷ್ಟನ್ನು ಬಾಡಿಗೆಗೆ ಸೇರಿಸಿಕೊಂಡು ಲೆಕ್ಕ ಹಾಕಿ.

10. “ನೀವು ಯಾವ ಜನ?”

ಈ ಪ್ರಶ್ನೆ ಬಂದೇ ಬರುತ್ತದೆ. ಒಮ್ಮೆ ನೇರವಾಗಿ, ಒಮ್ಮೆ “ಊಟ ಏನು ಮಾಡ್ತೀರಿ?” ಎಂಬ ರೂಪದಲ್ಲಿ. ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಸೀಮೆಯಿಂದ ಬಂದವರಿಗೆ ಇದು ಎದೆಗೆ ಚುಚ್ಚುತ್ತದೆ. ಹಾಗೆಂದು ನಮ್ಮ ಊರುಗಳಲ್ಲಿ ಓಣಿಗಳು ಜಾತಿವಾರು ಇರುವುದನ್ನು ಮರೆಯಲಾರೆ. ಅಲ್ಲಿ ಊರೊಳಗೆ ಮನೆ ಸಿಗದವರೇ ನಗರದಲ್ಲಾದರೂ ಸಿಕ್ಕೀತೆಂದು ಬರುತ್ತಾರೆ. ಅವರಿಗೆ ಇಲ್ಲೂ ಬಾಗಿಲು ಮುಚ್ಚುವುದು ಅನ್ಯಾಯ. ಅದನ್ನು ಅನ್ಯಾಯ ಎಂದೇ ಕರೆಯಬೇಕು.

ಹೆಸರು, ಜಾತಿ ಮುಚ್ಚಿಟ್ಟು ಮನೆ ಹಿಡಿಯಬೇಡಿ. ದಿನವೂ ಅಂಜಿಕೊಂಡು ಬಾಳುವ ಮನೆ ಮನೆಯಲ್ಲ. ಊಟದ ನಿಯಮವಿದೆಯೇ ಎಂದು ಫೋನಿನಲ್ಲೇ ಕೇಳಿಬಿಡಿ, ಬಸ್ಸಿನ ದುಡ್ಡು, ಮನಸ್ಸಿನ ನೋವು ಎರಡೂ ಉಳಿಯುತ್ತವೆ. ಇಲ್ಲ ಅಂದವರ ಹತ್ತಿರ ಎರಡನೇ ಸಲ ಬೇಡಿಕೊಳ್ಳಬೇಡಿ. ಈಗಾಗಲೇ ಮನೆ ಸಿಕ್ಕಿರುವ ನಮ್ಮವರು, ತಮ್ಮ ಕಟ್ಟಡದಲ್ಲಿ ಮನೆ ಖಾಲಿಯಾದಾಗ ಹಿಂದೆ ಬರುವವರಿಗೆ ತಿಳಿಸಿ, ಓನರ್ ಮುಂದೆ ಅವರ ಪರವಾಗಿ ಒಂದು ಮಾತು ಹೇಳಲಿ. ಹಲವರಿಗೆ ಮನೆ ಸಿಕ್ಕಿರುವುದು ಈ ದಾರಿಯಲ್ಲೇ.

ಮಾತಿನ ಬಗ್ಗೆಯೂ ಒಂದು ಮಾತು. ನಮ್ಮ ‘ಹೌದ್ರಿ, ಬರ್ರಿ, ಏನದ’ ಕೇಳಿ ಕೆಲವರು ನಗುತ್ತಾರೆ. ನೀವು ಅದನ್ನು ಬಿಡಬೇಡಿ. ಪ್ರತಿ ಮಾತಿನ ಕೊನೆಗೂ ‘ರೀ’ ಹಚ್ಚುವ ಭಾಷೆ ಅದು, ಎಂಥ ಓನರ್ ಮುಂದೆಯೂ ನಡೆಯುತ್ತದೆ.

11. ಶೆಡ್ಡಿನಲ್ಲಿ ಇರುವವರಿಗೂ ಕಾಗದ ಬೇಕು

ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ ಕೈಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯ ಕೈಗಳು ಬಹಳ. ಅವರಲ್ಲಿ ಎಷ್ಟೋ ಜನ ಇರುವುದು ಖಾಲಿ ಸೈಟಿನ ತಗಡಿನ ಶೆಡ್ಡಿನಲ್ಲಿ. ಅದಕ್ಕೂ ಜಾಗದವರಿಗೆ ತಿಂಗಳ ಬಾಡಿಗೆ ಕೊಡುತ್ತಾರೆ, ಚೀಟಿ ಮಾತ್ರ ಇರುವುದಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಯರು ಇದ್ದಾರೆಂಬ ಆರೋಪದ ಮೇಲೆ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ನೆಲೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದಿತು. ನಮ್ಮದೇ ರಾಜ್ಯದಲ್ಲಿ ನಮ್ಮವರು ತಾವು ಯಾರೆಂದು ತೋರಿಸಬೇಕಾಗಿ ಬಂದ ಆ ದಿನ ನನ್ನ ತಲೆಯಿಂದ ಹೋಗಿಲ್ಲ.

ಆದ್ದರಿಂದ ಆಧಾರ್, ಮತದಾರರ ಚೀಟಿ, ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡು ಇವುಗಳ ಫೋಟೊವನ್ನು ಫೋನಿನಲ್ಲೂ ಊರಿನ ಒಬ್ಬರ ಫೋನಿನಲ್ಲೂ ಇಡಿ. ಬಾಡಿಗೆಯನ್ನು ಫೋನ್ ಪೇ ಮಾಡಿ. ಆ ದಾಖಲೆಯೇ ನಿಮ್ಮ ರಸೀದಿ. ರೇಷನ್ ಕಾರ್ಡು ಊರಿನದ್ದಾದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ವಿಳಾಸದ ದಾಖಲೆ ಇಲ್ಲದವರಿಗೂ 5 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಕಳ್ಳ ರೀಫಿಲ್ಲಿಂಗಿನ ಕಡೆ ಹೋಗಬೇಡಿ.

12. ರೊಟ್ಟಿ ಬಡಿಯುವ ಮುಂಚೆ ಕೆಳಗಿನ ಮನೆಗೆ ಹೇಳಿ

ಇದು ಸಣ್ಣದು ಅನ್ನಿಸಬಹುದು. ಆದರೆ ಮನೆ ಬಿಡಿಸುವ ಮಟ್ಟಕ್ಕೆ ಹೋದ ಜಗಳ ನೋಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಕಡಪಾ ಕಲ್ಲಿನ ಕಟ್ಟೆಯ ಮೇಲೆ ರೊಟ್ಟಿ ಬಡಿದರೆ ಆ ಸಪ್ಪಳ ಕೆಳಗಿನ ಮನೆಯ ತಲೆದಿಂಬಿಗೆ ಕೇಳುತ್ತದೆ. ಅದು ಏನು ಸಪ್ಪಳ ಎಂದು ಅವರಿಗೆ ಗೊತ್ತಿರುವುದಿಲ್ಲ. ಕಟ್ಟೆಯ ಮೇಲೆ ದಪ್ಪ ಗೋಣಿ ಮಡಚಿ ಹಾಕಿ, ಅದರ ಮೇಲೆ ಹಲಗೆ ಇಡಿ. ವಾರಕ್ಕೆರಡು ಸಲ ಸಂಜೆ ಬಡಿದು ಕಟಕ್ ರೊಟ್ಟಿ ಮಾಡಿಟ್ಟುಕೊಳ್ಳಿ. ಮೊದಲ ದಿನವೇ ನಾಲ್ಕು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಒಯ್ದು ಕೊಟ್ಟು ಬನ್ನಿ. ನನ್ನ ಕೆಳಗಿನ ಮನೆಯ ಅಮ್ಮ ಹಾಸನದವರು, ಈಗ ಅವರೇ “ಈ ವಾರ ರೊಟ್ಟಿ ಇಲ್ವೇನ್ರೀ?” ಎನ್ನುತ್ತಾರೆ.

13. ರಾಜ್ಯ ದಾಟಿದರೆ, ದೇಶ ದಾಟಿದರೆ

ಹೈದರಾಬಾದು ನಮಗೆ ಬೆಂಗಳೂರಿಗಿಂತ ಹತ್ತಿರ, ಬಾಡಿಗೆಗೆ ‘ಕಿರಾಯಿ’ ಎನ್ನುವ ನಮ್ಮ ಮಾತು ಅಲ್ಲಿ ಹಾಗೇ ನಡೆಯುತ್ತದೆ. ಅಡ್ವಾನ್ಸೂ ಬೆಂಗಳೂರಿನಷ್ಟು ಭಾರವಿಲ್ಲ. ಮುಂಬೈ, ಪುಣೆಯಲ್ಲಿ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ 11 ತಿಂಗಳ ಕರಾರನ್ನೂ ನೋಂದಾಯಿಸಲೇಬೇಕು, ಅದರ ಹೊಣೆ ಮಾಲೀಕರದು.

ದುಬೈಗೆ ಹೋದವರು ಬಾಡಿಗೆ ಕರಾರು ಅಲ್ಲಿನ ಸರ್ಕಾರಿ ನೋಂದಣಿ ವ್ಯವಸ್ಥೆ ‘ಇಜಾರಿ’ಯಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಬೇಕು. ಮನೆಯ ಹಾಲ್‌ಗೆ ಪ್ಲೈವುಡ್ಡಿನ ಅಡ್ಡಗೋಡೆ ಕಟ್ಟಿ ಬಾಡಿಗೆಗೆ ಬಿಟ್ಟ ಪಾರ್ಟಿಷನ್ನು ಅಗ್ಗ ಎಂದು ಹೋಗಬೇಡಿ, ತಪಾಸಣೆ ಬಂದರೆ ರಾತ್ರೋರಾತ್ರಿ ಬೀದಿಗೆ ಬೀಳುತ್ತೀರಿ. ಜರ್ಮನಿಗೆ ಓದಲು ಹೋದ ಮಕ್ಕಳಿಗೆ ಡಿಪಾಜಿಟ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ಇದೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯವರ ಲಿಖಿತ ಪತ್ರ ಬೇಕು. ಪತ್ರ ಕೊಡದ ಮನೆ ಬೇಡ. ಇಂಗ್ಲೆಂಡಿನಲ್ಲಿ 2019ರ ಕಾನೂನಿನಂತೆ ಸಾಮಾನ್ಯ ಮನೆಗಳಿಗೆ ಡಿಪಾಜಿಟ್ ಐದು ವಾರದ ಬಾಡಿಗೆಗಷ್ಟೇ ಸೀಮಿತ. ಮಾಲೀಕರು ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಜಿಟ್ ರಕ್ಷಣಾ ಯೋಜನೆಯಡಿ ತರಬೇಕು. ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿದ ನನಗೆ ಇದು ತಿಳಿದಾಗ ನಮ್ಮಲ್ಲೂ ಇಂಥದ್ದೊಂದು ಬರಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

14. ಒಳಗೆ ಹೋಗುವ ದಿನವೇ ಬಿಡುವ ದಿನದ ತಯಾರಿ ಮಾಡಿ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೊ ಮಾಡಿ. ಗೋಡೆಯ ಬಿರುಕು, ಒಡೆದ ಟೈಲ್ಸು, ಸೋರುವ ನಲ್ಲಿ, ಫ್ಯಾನು, ಬಲ್ಬು, ಮೀಟರಿನ ಅಂಕಿ ಎಲ್ಲ ಕಾಣಬೇಕು. ಅಂದೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ, “ನೋಡಿದೆ” ಎಂದು ಅವರಿಂದ ಉತ್ತರ ತರಿಸಿಕೊಳ್ಳಿ. ಬಿಡುವಾಗ ನೋಟಿಸನ್ನು ಬಾಯಲ್ಲಿ ಹೇಳಿದರೂ ಸಂದೇಶದಲ್ಲೂ ಕಳಿಸಿ, ತಾರೀಖು ಇರಲಿ. ಖಾಲಿ ಮಾಡಿದ ದಿನ ಇನ್ನೊಂದು ವಿಡಿಯೊ. ಕೊನೆಯ ಕರೆಂಟು, ನೀರಿನ ಬಿಲ್ಲು ಕಟ್ಟಿ, ಆ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿದ್ದ ನಿಮ್ಮ ಆಧಾರನ್ನು ಗೃಹಜ್ಯೋತಿಯಿಂದ ಬಿಡಿಸಿ, ಇಲ್ಲವಾದರೆ ಹೊಸ ಮನೆಗೆ ಅದು ಅಂಟಿಕೊಳ್ಳುವುದಿಲ್ಲ. ಅಡ್ವಾನ್ಸ್ ಖಾತೆಗೆ ಬಿದ್ದ ಮೆಸೇಜು ನೋಡಿ. ಆಮೇಲೆ ಕೀಲಿ ಕೊಡಿ.